ಎಡಗಡೆಯ ಮುಳ್ಳು

ಬೆಳಗಾಗೆದ್ದು ಷಡ್ಡಕನ ಫೋನ್ ಬಂತೆಂದರೆ ಆ ದಿನ ಕೆಟ್ಟಿತು ಎಂದೇ ಅರ್ಥ. ನನ್ನ ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡ ಈ ಮಹಾನುಭಾವ ಕಸುಬಿನಲ್ಲಿ ಟೈಲರ್. ಆದರೆ ಬಾವಿ ತೋಡುವುದರಿಂದ ಹಿಡಿದು ವಿಮಾನ ಹಾರಿಸುವವರೆಗೆ ಅವನಿಗೆ ಗೊತ್ತಿಲ್ಲದ ವಿದ್ಯೆಯಿಲ್ಲ. ಎದುರಿಗೆ ‘ಅಣ್ಣ’, ‘ನೀವು’ ಎನ್ನುತ್ತೇನೆ, ವಯಸ್ಸಿಗೆ ಮರ್ಯಾದೆ ಕೊಡಬೇಕಲ್ಲ. ಮನಸ್ಸಿನೊಳಗೆ ಅಷ್ಟೆಲ್ಲ ಇಲ್ಲ.

“ಟಕ್ ಅಂತಿದೆ,” ಎಂದ.

“ಏನು ಟಕ್ ಅಂತಿದೆ?”

“ಇನ್ನೇನು, ಟ್ರ್ಯಾಕ್ಟರ್. ಕೀ ತಿರುಗಿಸಿದ್ರೆ ಟಕ್ ಅನ್ನುತ್ತೆ, ಸುಮ್ಮನಾಗುತ್ತೆ. ನೀವೇ ತಾನೆ ಮೊನ್ನೆ ರಿಪೇರಿ ಮಾಡಿದ್ದು?”

ಆ ‘ನೀವೇ ತಾನೆ’ ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಹತ್ತು ದಿನದಲ್ಲಿ ಇದು ಮೂರನೇ ಸಲ.

ನಾನು ಗಾಡಿಗಳ ವೈರಿಂಗ್ ಕೆಲಸದವನು. ಇಪ್ಪತ್ತೆಂಟು ವರ್ಷದಿಂದ ಅದೇ ಅಂಗಡಿ, ಅದೇ ಬೆಂಚು. ಲಾರಿಯೋ ಬಸ್ಸೋ ಟ್ರ್ಯಾಕ್ಟರೋ, ಸೆಲ್ಫ್ ಹೊಡೆಯದಿದ್ದರೆ, ಡೈನಮೋ ಚಾರ್ಜ್ ಮಾಡದಿದ್ದರೆ ನನ್ನ ಹತ್ತಿರ ಬರುತ್ತದೆ. ಹಾಗೆ ಬಂದದ್ದು ಅದೇ ದೂರು ಹೊತ್ತುಕೊಂಡು ಎರಡನೇ ಸಲ ಬಂದದ್ದು ಕಡಿಮೆ, ಮೂರನೇ ಸಲ ಬಂದದ್ದು ಇಲ್ಲವೇ ಇಲ್ಲ. ಬೇರೆ ಯಾರದಾದರೂ ಆಗಿದ್ದರೆ ‘ಇದು ಹಳೇ ಗಾಡಿ ಸ್ವಾಮಿ, ಹೀಗೇ’ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಇದು ಹೆಂಡತಿಯ ತವರಿನ ಟ್ರ್ಯಾಕ್ಟರ್. ಕೈ ತೊಳೆದುಕೊಂಡರೆ ಊಟಕ್ಕೆ ಕೂರುವುದು ಯಾರ ಮನೆಯಲ್ಲಿ?

ಅದು ನಮ್ಮ ಮಾವನದು. ಹೆಚ್ಚುಕಡಿಮೆ ನನ್ನದೇ ವಯಸ್ಸು ಅದಕ್ಕೂ. ಅದರ ಒಂದೊಂದು ನಟ್ಟನ್ನೂ ಮಾವ ತಾವೇ ಬಿಚ್ಚಿ ತಾವೇ ಬಿಗಿದವರು, ವೈರಿಂಗನ್ನೂ ಬಿಟ್ಟಿರಲಿಲ್ಲ. ಎಲ್ಲಿಂದಲೋ ಒಂದು ದೊಡ್ಡ ಸುರುಳಿ ಕಪ್ಪು ವೈರ್ ತಂದು ದೀಪಕ್ಕೂ ಕಪ್ಪು, ಹಾರ್ನಿಗೂ ಕಪ್ಪು, ಡೈನಮೋಗೂ ಕಪ್ಪು ಎಳೆದಿದ್ದರು. ಯಾವುದು ಯಾವುದೆಂದು ಗೊತ್ತಾಗಲಿ ಎಂದು ವೈರಿನ ತುದಿಗೆ ಕೆಂಪು ದಾರ ಸುತ್ತಿ ಗಂಟು ಹಾಕುತ್ತಿದ್ದರು. ಒಂದು ಗಂಟೆಂದರೆ ದೀಪ, ಎರಡಾದರೆ ಹಾರ್ನ್, ಮೂರಾದರೆ ಸೆಲ್ಫ್. ಹೊಸ ಅಳಿಯನಾಗಿ ಹೋದಾಗಲೇ ಅದನ್ನು ನೋಡಿ, “ಇದೇನು ಮಾವ, ವೈರಿಂಗೋ ಜಡೆಯೋ?” ಎಂದು ಎಲ್ಲರ ಮುಂದೆ ನಕ್ಕಿದ್ದೆ. ಅವರು ಸಿಟ್ಟಾಗಲಿಲ್ಲ. “ನಡೀತಿದೆ ತಾನೆ,” ಎಂದಿದ್ದರು, ಅಷ್ಟೇ. ಆಮೇಲೆ ಅವರಿರುವವರೆಗೂ ಆ ಜಡೆಯ ಮಾತನ್ನು ನಾನು ಎಷ್ಟು ಸಲ ಆಡಿದೆನೋ ನೆನಪಿಲ್ಲ.

ಮೂರು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಅವರ ದೊಡ್ಡ ಮಗಳ, ಅಂದರೆ ಷಡ್ಡಕನ ಹೆಂಡತಿ ನಮ್ಮ ಅತ್ತಿಗೆಯ ಪಾಲಿಗೆ ಬಂತು. ನಿಂತಿರುವುದು ಷಡ್ಡಕನ ಟೈಲರ್ ಅಂಗಡಿಯ ಪಕ್ಕದ ಅಂಗಳದಲ್ಲಿ, ಓಡಿಸುವವರು ಅತ್ತಿಗೆ. ಮಾವ ಹೆಣ್ಣುಮಕ್ಕಳಿಬ್ಬರಿಗೂ ಲಂಗ ತೊಡುವ ವಯಸ್ಸಿನಲ್ಲೇ ಸ್ಟೇರಿಂಗ್ ಹಿಡಿಸಿದ್ದರು. ಮದುವೆಯಾದ ಮೇಲೆ ನನ್ನ ಹೆಂಡತಿ ಬಿಟ್ಟಳು, ಅತ್ತಿಗೆ ಬಿಡಲಿಲ್ಲ. ಈಗ ಟ್ರ್ಯಾಕ್ಟರಿನ ಹಿಂದೆ ನೀರಿನ ಟ್ಯಾಂಕರ್ ಸಿಕ್ಕಿಸಿಕೊಂಡು ಊರಾಚೆಯ ರಸ್ತೆ ಕೆಲಸಕ್ಕೆ ದಿನಾ ನೀರು ಹೊಡೆಯುತ್ತಾರೆ. ಇಷ್ಟು ವರ್ಷ ಅಪ್ಪನ ಕೆಲಸ, ಗಂಡನ ಕೆಲಸ, ನೆಂಟರ ಕೆಲಸ ಎಂದು ಓಡಿಸಿದವರು, ಇದೊಂದನ್ನು ತಾವೇ ಹೋಗಿ ಮಾತಾಡಿ, ತಮ್ಮ ಹೆಸರಿನಲ್ಲೇ ಹಿಡಿದುಕೊಂಡು ಬಂದಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ. ಕರಾರು ಒಂದೇ. ಬೆಳಿಗ್ಗೆ ಏಳಕ್ಕೆ ಮೊದಲ ಟ್ಯಾಂಕ್ ಅಲ್ಲಿರಬೇಕು. ನೀರು ಬಾರದೆ ರೋಲರ್ ಹೊರಡುವುದಿಲ್ಲ, ರೋಲರ್ ಹೊರಡದಿದ್ದರೆ ಮೂವತ್ತು ಜನ ಕೈಕಟ್ಟಿ ನಿಲ್ಲುತ್ತಾರೆ.

ಮೊದಲ ಸಲ ಕರೆದಾಗ ನಿಜವಾದ ತೊಂದರೆಯೇ ಇತ್ತು. ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ತ್ ಪಟ್ಟಿ ನೋಡಲು ಗಟ್ಟಿಯಾಗಿತ್ತು, ಮುಟ್ಟಿದರೆ ಪುಡಿಯಾಯಿತು. ಕರೆಂಟಿಗೆ ವಾಪಸ್ ಬರುವ ದಾರಿಯೇ ಇಲ್ಲದಿದ್ದರೆ ಸೆಲ್ಫ್ ಮೋಟರ್ ಹೇಗೆ ತಿರುಗಬೇಕು? ಹೊಸ ಪಟ್ಟಿ ಹಾಕಿದೆ, ಕೂತ ಜಾಗವನ್ನು ಉಜ್ಜಿ ಹೊಳೆಯುವಂತೆ ಮಾಡಿದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಹೇಗೂ ಬಂದಿದ್ದೇನೆ, ಚಾರ್ಜಿಂಗನ್ನೂ ನೋಡಿಬಿಡೋಣ ಎಂದು ಬ್ಯಾಟರಿಗೆ ನನ್ನ ಮೀಟರ್ ಹಿಡಿದರೆ ಹದಿನಾಲ್ಕು ವೋಲ್ಟ್. ಡೈನಮೋ ಜೋರಾಗಿಯೇ ಇತ್ತು. ಆದರೆ ಸ್ಟೇರಿಂಗ್ ಮುಂದಿನ ಆಂಪಿಯರ್ ಮೀಟರಿನ ಮುಳ್ಳು ಎಡಕ್ಕೆ ವಾಲಿತ್ತು.

ಆ ಮೀಟರಿನ ಮುಳ್ಳು ನಡುವೆ ನಿಂತಿರುತ್ತದೆ. ಬ್ಯಾಟರಿಗೆ ಕರೆಂಟ್ ಹೋಗುತ್ತಿದ್ದರೆ ಬಲಕ್ಕೆ, ಬ್ಯಾಟರಿಯಿಂದ ಖರ್ಚಾಗುತ್ತಿದ್ದರೆ ಎಡಕ್ಕೆ ವಾಲುತ್ತದೆ. ಇಲ್ಲಿ ಚಾರ್ಜ್ ಆಗುತ್ತಿದ್ದರೂ ಎಡಕ್ಕಿದೆ ಎಂದರೆ ಹಿಂದಿನ ಎರಡು ವೈರುಗಳು ಅದಲುಬದಲು ಎಂದೇ ಅರ್ಥ. ಬಗ್ಗಿ ನೋಡಿದೆ. ನಿಜ, ಎರಡೂ ಒಂದರ ಮೇಲೊಂದು ಹಾದುಹೋಗಿದ್ದವು. ಹಾದುಹೋದ ಜಾಗದಲ್ಲಿ ಮಾಸಿದ ಕೆಂಪು ದಾರ, ಬಿಗಿಯಾಗಿ ಒಂದು ಗಂಟು. ಇದು ಯಾವ ಜಡೆಯೋ ಎಂದುಕೊಂಡು ಬ್ಲೇಡಿನಿಂದ ಕತ್ತರಿಸಿ ಎಸೆದೆ, ವೈರುಗಳನ್ನು ಅವುಗಳ ಜಾಗಕ್ಕೆ ಸೇರಿಸಿದೆ. ಮುಳ್ಳು ಬಲಕ್ಕೆ ತಿರುಗಿತು. ಎರಡು ನಿಮಿಷದ ಕೆಲಸ. ಯಾರಿಗೂ ಹೇಳಲಿಲ್ಲ. ಹೇಳಲಿಕ್ಕೆ ಅಲ್ಲಿದ್ದವರಾದರೂ ಯಾರು, ಟೈಲರೇ ತಾನೆ.

ಅತ್ತಿಗೆ ಒಂದು ಸಲ ಹತ್ತಿರ ಬಂದು, “ಅಲ್ಲ, ಈ ಮುಳ್ಳು...” ಎಂದು ಶುರುಮಾಡಿದ್ದರು.

“ಮುಳ್ಳಿನ ಚಿಂತೆ ನಿಮಗ್ಯಾಕೆ ಅತ್ತಿಗೆ, ನಾನಿದ್ದೀನಲ್ಲ. ಓಡಿಸೋದು ನಿಮ್ಮ ಕೆಲಸ, ಉಳಿದದ್ದು ನನ್ನದು,” ಎಂದೆ. “ಇನ್ನು ಯಾರೂ ಏನೂ ಮುಟ್ಟಬಾರದು.” ಕೊನೆಯ ಮಾತನ್ನು ಷಡ್ಡಕನ ಮುಖ ನೋಡಿಕೊಂಡು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ.

ಐದು ದಿನ ಕಳೆದು ಎರಡನೇ ಕರೆ ಬಂತು. ಹೋಗಿ ನೋಡಿದರೆ ಬ್ಯಾಟರಿ ಖಾಲಿ. ನನ್ನ ಬ್ಯಾಟರಿ ಕೊಟ್ಟು ಎಬ್ಬಿಸಿ ಅಳೆದರೆ ಮತ್ತೆ ಹದಿನಾಲ್ಕು. ಡೈನಮೋ ಸರಿ, ಬೆಲ್ಟ್ ಸರಿ. ನಿಂತಾಗ ಎಲ್ಲಾದರೂ ಸೋರುತ್ತಿದೆಯೇ ಎಂದು ಬ್ಯಾಟರಿಯ ವೈರ್ ತೆಗೆದು ನಡುವೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿದೆ. ಮಿಣುಕಲಿಲ್ಲ. ಎರಡು ಗಂಟೆ ಹೊತ್ತು ಆ ಕಪ್ಪು ವೈರುಗಳ ಕಾಡಿನಲ್ಲಿ ತಲೆ ತೂರಿಸಿಕೊಂಡಿದ್ದೆ. ಷಡ್ಡಕ ಕುತ್ತಿಗೆಗೆ ಟೇಪು ಹಾಕಿಕೊಂಡು, ಗಿರಾಕಿಯ ಅಳತೆ ತೆಗೆಯುವವನಂತೆ ನನ್ನ ಸುತ್ತ ಸುತ್ತುತ್ತಿದ್ದ.

“ಡೈನಮೋನೇ ಕರೆಂಟ್ ಕುಡೀತಿರಬಹುದಲ್ವಾ?” ಎಂದ.

“ಡೈನಮೋ ಕರೆಂಟ್ ಕೊಡುತ್ತೆ ಅಣ್ಣ. ಕುಡಿಯೋದಿಲ್ಲ.”

“ಹಾಗಂತ ಹೇಳ್ತಾರೆ.”

ಹಾಗಂತ ಹೇಳುವವರು ಯಾರು, ಇಪ್ಪತ್ತೆಂಟು ವರ್ಷದಿಂದ ನಾನೇ ತಾನೆ. ಹಲ್ಲು ಕಚ್ಚಿಕೊಂಡು, ಬ್ಯಾಟರಿಯೇ ಹಳತಾಗಿರಬೇಕೆಂದು ಅಂಗಡಿಯಿಂದ ಹೊಸದನ್ನೇ ತಂದು ಕೂರಿಸಿದೆ. ಆ ದಿನ ಅತ್ತಿಗೆ ರಸ್ತೆ ಕೆಲಸದ ಜಾಗ ಮುಟ್ಟಿದ್ದು ಒಂಬತ್ತೂವರೆಗೆ. ಅಲ್ಲಿನ ಓವರ್‌ಸಿಯರ್ ಏನೂ ಅನ್ನದೆ ಕೈಗಡಿಯಾರ ತೋರಿಸಿದನಂತೆ.

ಆ ಹೊಸ ಬ್ಯಾಟರಿಯೇ ಇವತ್ತು ಬೆಳಿಗ್ಗೆ ಟಕ್ ಎಂದಿದ್ದು.

ಹೋದೆ. ಅಂಗಳದಲ್ಲಿ ತುಂಬಿದ ಟ್ಯಾಂಕರ್ ಸಿಕ್ಕಿಸಿಕೊಂಡು ಟ್ರ್ಯಾಕ್ಟರ್ ಕಲ್ಲಿನಂತೆ ನಿಂತಿತ್ತು. ಎಬ್ಬಿಸಿದೆ, ಅಳೆದೆ. ಹದಿನಾಲ್ಕು ವೋಲ್ಟ್. ಮುಳ್ಳು ಬಲಕ್ಕೆ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಎಲ್ಲವೂ ಸರಿ. ಸರಿಯಿಲ್ಲದ್ದನ್ನು ಸರಿ ಮಾಡಬಹುದು, ಎಲ್ಲವೂ ಸರಿಯಿದ್ದು ಬೆಳಗಾದರೆ ಸತ್ತುಬಿದ್ದಿರುವುದನ್ನು ಏನು ಮಾಡುವುದು? ಸ್ಪ್ಯಾನರನ್ನು ನೆಲಕ್ಕೆ ಎಸೆದೆ. ಎತ್ತಿಕೊಳ್ಳಲು ಬಗ್ಗಿದಾಗ ಡೈನಮೋದ ದಪ್ಪ ವೈರಿನ ನಟ್ಟು ಕಣ್ಣಿಗೆ ಬಿತ್ತು. ಸುತ್ತಲೂ ಎಣ್ಣೆ, ಮಸಿ. ಅದೊಂದು ಮಾತ್ರ ಉಜ್ಜಿದಂತೆ ಹೊಳೆಯುತ್ತಿತ್ತು.

“ಇದನ್ನ ಯಾರಾದ್ರೂ ಮುಟ್ಟಿದ್ರಾ?”

ಷಡ್ಡಕ ಟೇಪಿನ ತುದಿಯನ್ನು ನೋಡಿಕೊಂಡ. “ಮುಟ್ಟಬಾರದು ಅಂತ ನೀವೇ ಹೇಳಿದ್ರಲ್ಲ.”

ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲ ಎಂಬುದು ಆ ಸಿಟ್ಟಿನಲ್ಲಿ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಅತ್ತಿಗೆಯ ಫೋನ್ ಬಡಿದುಕೊಂಡಿತು. ಅವರು ಕಿವಿಯಿಂದ ದೂರ ಹಿಡಿದುಕೊಂಡಿದ್ದರೂ ಓವರ್‌ಸಿಯರ್ ಮಾತು ನನಗೂ ಕೇಳಿತು. “ಅಮ್ಮ, ಇವತ್ತಿಗೆ ಮೂರಾಯ್ತು. ನಾಳೆ ಏಳು ಗಂಟೆಗೆ ನಿಮ್ಮ ಗಾಡಿ ಇಲ್ಲಿ ಕಾಣದೇ ಇದ್ರೆ ಆಮೇಲೆ ಬರೋದೇ ಬೇಡ. ಬೇರೆ ಟ್ಯಾಂಕರಿನವರು ದಿನಾ ಬಂದು ಕೇಳ್ತಿದ್ದಾರೆ. ನಾನೂ ಮೇಲಿನವರಿಗೆ ಉತ್ತರ ಹೇಳಬೇಕಲ್ಲ.”

“ಬರ್ತೀನಿ ಸರ್,” ಎಂದು ಅತ್ತಿಗೆ ಫೋನ್ ಒಳಗಿಟ್ಟರು. ಒರೆಸುವ ಬಟ್ಟೆ ತೆಗೆದುಕೊಂಡು ಸ್ಟೇರಿಂಗನ್ನು ಸುಮ್ಮನೆ ಒರೆಸತೊಡಗಿದರು. “ಹಿಡಿದದ್ದೇ ಒಂದು ಕೆಲಸ,” ಎಂದರು. ನನಗೆ ಹೇಳಿದ್ದಲ್ಲ, ಗಂಡನಿಗೂ ಹೇಳಿದ್ದಲ್ಲ.

ಪಾಪ ಅನ್ನಿಸಿದರೂ ನನಗೆ ಬರುವುದು ಸಿಟ್ಟೇ. “ನಡೀರಿ, ನಾನೂ ಬರ್ತೀನಿ,” ಎಂದೆ. “ಇವತ್ತು ಅಂಗಡಿ ಬಾಗಿಲು ಹಾಕಿದ್ರೂ ಪರವಾಗಿಲ್ಲ. ಸಂಜೆವರೆಗೂ ಪಕ್ಕದಲ್ಲೇ ಕೂತು ನೋಡ್ತೀನಿ, ಅದು ಹೇಗೆ ಸಾಯುತ್ತೋ ಅಂತ.”

ಅತ್ತಿಗೆ ಗಂಡನ ಮುಖ ನೋಡಿದರು. ಅವನು ಅಂಗಡಿಯೊಳಗೆ ಹೋಗಿ, ಹೊಲಿಯಬೇಕಾದ ಬಟ್ಟೆಯೇ ಇಲ್ಲದೆ ಮಷೀನ್ ತುಳಿಯತೊಡಗಿದ.

ಮಡ್‌ಗಾರ್ಡಿನ ಮೇಲೆ ಕೂತೆ. ರಸ್ತೆ ಕೆಲಸದ ದೂಳಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲವೆಂದು ಹಗಲಿಡೀ ದೀಪ ಹಚ್ಚಿಕೊಂಡೇ ಓಡಿಸಬೇಕೆಂಬುದು ಅಲ್ಲಿನ ನಿಯಮ. ದೀಪಕ್ಕೇನಂತೆ, ಡೈನಮೋ ಅದನ್ನು ಸಾಕಿ ಬ್ಯಾಟರಿಗೂ ಉಣಿಸುತ್ತಿತ್ತು. ಮುಳ್ಳು ಬಲಗಡೆ ಹಾಯಾಗಿತ್ತು. ಅತ್ತಿಗೆಗೆ ಮಾತ್ರ ನೆಮ್ಮದಿಯಿಲ್ಲ. ಎರಡು ಮಾರು ರಸ್ತೆ ನೋಡಿದರೆ ಒಂದು ಸಲ ಮುಳ್ಳು ನೋಡುತ್ತಿದ್ದರು. ಟ್ಯಾಂಕ್ ಖಾಲಿ ಮಾಡುವಾಗ ಎಂಜಿನ್ ನಿಲ್ಲಿಸಿದರು. ನೀರು ತುಂಬಿಸುವಲ್ಲಿ ಮತ್ತೆ ನಿಲ್ಲಿಸಿದರು.

“ಯಾಕೆ ನಿಲ್ಲಿಸ್ತೀರಿ? ಪ್ರತಿಸಲ ಸೆಲ್ಫ್ ಹೊಡೆದರೆ ಬ್ಯಾಟರಿಗೆ ಎಷ್ಟು ಭಾರ ಗೊತ್ತಾ?”

“ಸುಮ್ಮನೆ,” ಎಂದರು.

ಮೂರನೇ ಸುತ್ತಿನಲ್ಲೂ ನಿಲ್ಲಿಸಿದರು. ನಾನು ಬಾಯಿಬಿಡುವ ಮುಂಚೆಯೇ ಅವರು ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು, “ನೀವು ಬೈಯೋದಿಲ್ಲ ಅಂದ್ರೆ ಒಂದು ಕೇಳ್ಲಾ?” ಎಂದರು.

“ಕೇಳಿ.”

“ಆ ವೈರ್ ತೆಗೆದುಬಿಡ್ಲಾ?”

“ಯಾವ ವೈರು?”

“ಡೈನಮೋದು. ಹೆದರಿಕೆ ತಡೆಯೋಕಾಗದಿದ್ದಾಗ ತೆಗೀತೀನಲ್ಲ, ಅದೇ.”

ನಾನು ಮಡ್‌ಗಾರ್ಡಿನಿಂದ ಇಳಿದೆ. ಕೂತುಕೊಂಡು ಕೇಳುವ ಮಾತಲ್ಲ ಅದು.

“ನೀವು ತೆಗೀತೀರಾ?”

“ಮತ್ತೇನು ಮಾಡ್ಲಿ? ಮುಳ್ಳು ಬಲಕ್ಕಿದೆ ನೋಡಿ, ಬ್ಯಾಟರಿ ಖಾಲಿ ಆಗ್ತಿದೆ. ಆ ವೈರ್ ತೆಗೆದ ತಕ್ಷಣ ಎಡಕ್ಕೆ ಬರುತ್ತೆ. ಆಮೇಲೆ ಸಂಜೆವರೆಗೂ ಎಡಕ್ಕೇ ಇರುತ್ತೆ, ಏನೂ ತೊಂದರೆ ಇಲ್ಲ. ಬೆಳಿಗ್ಗೆ ಮಾತ್ರ ಯಾಕೋ...”

“ಬೆಳಿಗ್ಗೆ ಟಕ್ ಅನ್ನುತ್ತೆ.”

“ಹೂಂ.”

“ಮತ್ತೆ ನಾನು ಬಂದಾಗಲೆಲ್ಲ ವೈರ್ ಇರುತ್ತಲ್ಲ?”

“ನಿಮಗೆ ಫೋನ್ ಮಾಡಿದ ಮೇಲೆ ಇವರು ಹಾಕಿಬಿಡ್ತಾರೆ. ಯಾರೂ ಮುಟ್ಟಬಾರದು ಅಂದಿದ್ರಲ್ಲ. ನೋಡಿದ್ರೆ ಬೇಜಾರು ಮಾಡ್ಕೋತೀರ ಅಂತ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡೈನಮೋ ಬ್ಯಾಟರಿಯನ್ನು ತುಂಬಿಸುತ್ತಿದ್ದರೆ ಇವರಿಗೆ ಹೆದರಿಕೆ. ಅದರ ವೈರ್ ಕಿತ್ತು, ಹಗಲಿಡೀ ದೀಪ ಉರಿಸಿ, ಬ್ಯಾಟರಿ ಹನಿ ಹನಿಯಾಗಿ ಬರಿದಾಗುವಾಗ ಇವರಿಗೆ ನೆಮ್ಮದಿ. ಎರಡು ಸಲ ಸಲಕರಣೆ ಹೊತ್ತುಕೊಂಡು ಬಂದು, ಇವರು ಸರಿಮಾಡಿಟ್ಟದ್ದನ್ನು ನೋಡಿ, ‘ಎಲ್ಲ ಸರಿಯಿದೆ’ ಎಂದು ತಲೆ ಕೆರೆದುಕೊಂಡು ಹೋದವನು ನಾನು.

“ಎಡ ಒಳ್ಳೇದು ಅಂತ ಯಾರು ಹೇಳಿದ್ದು ನಿಮಗೆ?”

“ಅಪ್ಪ,” ಎಂದರು, ಇದೇನು ಕೇಳುವ ಮಾತೇ ಎಂಬಂತೆ. “ಮುಳ್ಳು ಎಡಕ್ಕಿದ್ರೆ ಮನೆಗೆ ಬರ್ತೀಯ, ಬಲಕ್ಕೆ ಹೋಯ್ತೋ ನಡ್ಕೊಂಡು ಬರ್ತೀಯ ಅಂತಿದ್ರು.”

ಸತ್ತು ಮೂರು ವರ್ಷವಾದ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. “ನಿಮ್ಮಪ್ಪ ವೈರ್ ಉಲ್ಟಾ ಹಾಕಿದ್ರು ಅತ್ತಿಗೆ. ಇಡೀ ಪ್ರಪಂಚದಲ್ಲಿ ಬಲ ಅಂದ್ರೆ ಒಳ್ಳೇದು. ನಾನು ಬಂದ ಮೊದಲನೇ ದಿನಾನೇ ಅದನ್ನ ಸರಿ ಮಾಡಿದ್ದೀನಿ.”

“ಹೌದಾ,” ಎಂದರು. ಸ್ವಲ್ಪ ಹೊತ್ತು ಮುಳ್ಳನ್ನೇ ನೋಡಿದರು. “ಹಾಗಾದ್ರೆ ಇನ್ಮೇಲೆ ಬಲ.”

“ಬಲ. ವೈರ್ ಮುಟ್ಟಬೇಡಿ, ಎಂಜಿನ್ ನಿಲ್ಲಿಸಬೇಡಿ. ಅಷ್ಟೇ.”

ಗೆದ್ದೆ ಎಂದುಕೊಂಡೆ. ಮುಂದಿನ ಸುತ್ತಿನಲ್ಲಿ ಏರು ಹತ್ತುವಾಗ ಮುಳ್ಳು ಬಲಕ್ಕೆ ಇನ್ನಷ್ಟು ಸರಿದದ್ದೇ ತಡ, ಅತ್ತಿಗೆಯ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಎದ್ದಿತು. ಹಿಂದಿನಿಂದ ಟಿಪ್ಪರಿನವನು ಹಾರ್ನ್ ಬಾರಿಸಿದ. “ಗೊತ್ತಾಯ್ತು, ಗೊತ್ತಾಯ್ತು, ಬಲ,” ಎಂದು ತಮಗೇ ಹೇಳಿಕೊಂಡು ಮತ್ತೆ ತುಳಿದರು. ಟ್ಯಾಂಕ್ ಖಾಲಿ ಮಾಡುವಲ್ಲಿ ಕೈ ಕೀಗೆ ಹೋಗಿ, ನಿಂತು, ವಾಪಸ್ ಬಂತು. ಅದರ ಮುಂದಿನ ಸಲ ವಾಪಸ್ ಬರಲಿಲ್ಲ, ನಿಲ್ಲಿಸಿಯೇಬಿಟ್ಟರು. ನಿಲ್ಲಿಸಿದ ಮೇಲೆ ನನ್ನ ಕಡೆ ತಿರುಗಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಮುಖ ಮಾಡಿದರು. ಮೂವತ್ತೆಂಟು ವರ್ಷ ಎಡಕ್ಕೆ ನೋಡಿದ ಕಣ್ಣು ಅದು. ನನಗೆ ಅರ್ಥವಾಗಲಿಲ್ಲವೆಂದಲ್ಲ. ಆದರೂ ಜಗ್ಗಲಿಲ್ಲ. ಸರಿಯಾದದ್ದನ್ನು ಸರಿಯಾಗಿಯೇ ಕಲಿಯಬೇಕು ಎಂಬ ಹಟ.

ಬೆಳಿಗ್ಗೆಯೇ ಖಾಲಿಯಾಗಿದ್ದ ಬ್ಯಾಟರಿ, ನಿಲ್ಲಿಸಿ ನಿಲ್ಲಿಸಿ ಎಬ್ಬಿಸಿದ್ದರಿಂದ ಸಂಜೆಗೂ ಅರೆಜೀವವಾಗಿಯೇ ಇತ್ತು. “ಇದನ್ನ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಬೆಳಿಗ್ಗೆ ಆರಕ್ಕೆ ತರ್ತೀನಿ,” ಎಂದು ಬಿಚ್ಚಿಕೊಂಡು ಹೊರಟೆ. ಷಡ್ಡಕ ಗೇಟಿನವರೆಗೆ ಬಂದು, “ಆರು ಅಂದ್ರೆ ಆರು,” ಎಂದ. ಅವನಿಂದ ಅದನ್ನೂ ಕೇಳಿಸಿಕೊಂಡೆ.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಕಾರಿಕೊಂಡೆ. ಅವಳು ಬಡಿಸುತ್ತಾ ಕೇಳಿಸಿಕೊಂಡಳು.

“ಎಡ ತಾನೆ ಒಳ್ಳೇದು,” ಎಂದಳು. “ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?”

“ಯಾರು ಆ ಎಲ್ಲರೂ?”

“ನಾನು, ಅಕ್ಕ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ನಿಮ್ಮಪ್ಪನಿಗೆ ಮೀಟರ್ ಹಾಕೋಕೆ ಬರ್ತಿರಲಿಲ್ಲ, ಅದನ್ನ ಮಕ್ಕಳಿಗೂ ಕಲಿಸಿಟ್ಟು ಹೋದ್ರು,” ಎಂದೆ.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು. “ಮೊದಲನೇ ಸಲ ಬರ್ತಿರಲಿಲ್ಲ, ನಿಜ. ಉಲ್ಟಾ ಹಾಕಿದ್ರು, ನಾವು ಹಾಗೇ ಕಲಿತ್ವಿ. ಆಮೇಲೆ ಆ ಮೀಟರ್ ಒಡೆದುಹೋಯ್ತು. ಹೊಸದನ್ನ ಒಬ್ಬ ಮೆಕ್ಯಾನಿಕ್ ಹಾಕಿದ, ನಿಮ್ಮ ಹಾಗೇ ಸರಿಯಾಗಿ ಹಾಕಿದ. ಅವನೂ ಯಾರಿಗೂ ಹೇಳಲಿಲ್ಲ. ಅಕ್ಕನಿಗೆ ಆಗ ಹದಿನೈದು. ಒಬ್ಬಳೇ ಗಾಡಿ ತಗೊಂಡು ಹೋಗಿದ್ಲು. ಮುಳ್ಳು ಬಲಕ್ಕೆ ಹೋಗಿದ್ದು ನೋಡಿ, ಅಪ್ಪ ಹೇಳಿದ್ದಾರಲ್ಲ ಅಂತ ಅಲ್ಲೇ ನಿಲ್ಲಿಸಿ, ಆರು ಮೈಲಿ ಅತ್ತುಕೊಂಡು ನಡೆದು ಬಂದ್ಲು.”

“ಆಮೇಲೆ?” ಎಂದೆ.

“ಅಪ್ಪ ಹೋಗಿ ಗಾಡಿ ತಂದ್ರು. ಅಕ್ಕನಿಗೆ ಒಂದು ಮಾತು ಅನ್ನಲಿಲ್ಲ. ಅವತ್ತೇ ಕೆಳಗೆ ಮಲಗಿ ಆ ಎರಡು ವೈರ್ ಅದಲುಬದಲು ಮಾಡಿ, ದಾರ ಕಟ್ಟಿದ್ರು. ನಾನೇ ಟಾರ್ಚ್ ಹಿಡ್ಕೊಂಡಿದ್ದೆ. ಮಕ್ಕಳಿಗೆ ಮತ್ತೆ ಕಲಿಸೋದಕ್ಕಿಂತ ಮೀಟರಿಗೆ ಕಲಿಸೋದು ಸುಲಭ ಅಂದ್ರು. ಇದನ್ನ ಬೇಕೂ ಅಂತ ಹೀಗೆ ಹಾಕಿದ್ದು, ಇನ್ಯಾರೂ ಬಿಚ್ಚದೇ ಇರಲಿ ಅಂತ ಗಂಟು.” ಅವಳು ನನ್ನ ಮುಖ ನೋಡಿದಳು. “ಆ ಗಂಟು ಇತ್ತಲ್ಲ ಅಲ್ಲಿ?”

“ಇತ್ತು,” ಎಂದೆ.

ಅದನ್ನು ಏನು ಮಾಡಿದೆ ಎಂದು ಅವಳು ಕೇಳಲಿಲ್ಲ.

“ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ನೀನು?”

“ಅಪ್ಪನ ವೈರಿಂಗ್ ಅಂದ್ರೆ ನೀವು ನಗ್ತಿದ್ರಲ್ಲ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಮಜ್ಜಿಗೆ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು.

ನನಗೆ ನಾಚಿಕೆಯಾಯಿತು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಇಪ್ಪತ್ತನಾಲ್ಕು ವರ್ಷ ಆ ಮನುಷ್ಯನ ಜಡೆಯನ್ನು ನೋಡಿ ನಕ್ಕಿದ್ದೆ. ಅವರು ‘ನಡೀತಿದೆ ತಾನೆ’ ಎಂದು ಸುಮ್ಮನಿದ್ದರು. ನಾನು ಬಂದು, ಸರಿ ಮಾಡಿದೆನೆಂದುಕೊಂಡು, ಅವರ ಮಗಳನ್ನು ಮತ್ತೊಮ್ಮೆ ಅದೇ ಆರು ಮೈಲಿ ನಡೆಸಲು ಹೊರಟಿದ್ದೆ.

ಮರುದಿನ ಐದೂಮುಕ್ಕಾಲಿಗೇ ಷಡ್ಡಕನ ಅಂಗಳದಲ್ಲಿದ್ದೆ. ಬ್ಯಾಟರಿಯನ್ನು ಇಳಿಸಿ ಪಕ್ಕಕ್ಕಿಟ್ಟೆ, ಮೊದಲು ಮೀಟರಿನ ಹಿಂದೆ ಕೈ ಹಾಕಿದೆ. ಅತ್ತಿಗೆ ಆಗಲೇ ಸೀಟಿನ ಮೇಲೆ ಕೂತಿದ್ದರು, ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದುಕೊಂಡು.

“ಮತ್ತೇನು ಬಿಚ್ತಿದ್ದೀರಿ?” ಎಂದ ಷಡ್ಡಕ. “ಬ್ಯಾಟರಿ ಕೂರಿಸಿ ಕಳಿಸಿ ಅಂದ್ರೆ. ಹೊತ್ತೆಷ್ಟಾಯ್ತು ಗೊತ್ತಾ?”

“ಗೊತ್ತು ಅಣ್ಣ. ಸ್ವಲ್ಪ ಸುಮ್ಮನಿರಿ.”

ಆತುರದಲ್ಲಿ ಕೈ ಜಾರಿತು. ಮೀಟರಿನ ವೈರ್ ಹಿಡಿದಿದ್ದ ಕಡಲೆ ಗಾತ್ರದ ನಟ್ಟು ಡ್ಯಾಶಿನ ತಗಡಿನೊಳಗೆ ಟಿಣ್ ಎಂದು ಬಿದ್ದು ಮಾಯವಾಯಿತು. ಬೆರಳು ಹಾಕಿದರೆ ಬೆರಳು ಹೋಗದು, ತಂತಿ ಹಾಕಿದರೆ ತಂತಿಗೆ ಸಿಗದು. ಅಳತೆ ಬೇರೆಯದಾದ್ದರಿಂದ ನನ್ನ ಡಬ್ಬಿಯಲ್ಲಿದ್ದ ಯಾವುದೂ ಅದಕ್ಕೆ ಕೂರುವುದಿಲ್ಲ. ಆರೂಕಾಲಾಯಿತು. ಆರೂ ಇಪ್ಪತ್ತಾಯಿತು. ಬೆವರು ಕಣ್ಣಿಗಿಳಿಯಿತು. ಬಾಯಿಗೆ ಬಂದದ್ದನ್ನು ಅತ್ತಿಗೆ ಇದ್ದಾರೆಂದು ನುಂಗಿಕೊಂಡೆ.

ಷಡ್ಡಕ ಅಂಗಡಿಯೊಳಗೆ ಹೋದವನು ದಾರಕ್ಕೆ ಕಟ್ಟಿದ ಅಯಸ್ಕಾಂತವೊಂದನ್ನು ಹಿಡಿದುಕೊಂಡು ಬಂದ. ನೆಲಕ್ಕೆ ಬಿದ್ದ ಗುಂಡುಪಿನ್ನು, ಸೂಜಿ ಆರಿಸುವ ಅಯಸ್ಕಾಂತ. ಅದನ್ನು ಸಂದಿಯಿಂದ ಇಳಿಬಿಟ್ಟು, ಎರಡು ಸಲ ಆಡಿಸಿ, ನಟ್ಟನ್ನು ಮೇಲೆತ್ತಿ ನನ್ನ ಅಂಗೈಗಿಟ್ಟ. ಒಂದು ಮಾತೂ ಆಡಲಿಲ್ಲ, ಅದು ಅವನಿಗೆ ಎಷ್ಟು ಕಷ್ಟವಾಯಿತೋ.

ಎರಡು ವೈರುಗಳನ್ನು ಒಂದರ ಮೇಲೊಂದು ಹಾಯಿಸಿ ಬಿಗಿದೆ. “ಅಣ್ಣ, ದಾರ ಇದೆಯಾ? ಕೆಂಪು.”

ಇದ್ದೇ ಇತ್ತು. ಅವೆರಡೂ ಹಾಯುವಲ್ಲಿ ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಅತ್ತಿಗೆ ಸೀಟಿನಿಂದ ಬಗ್ಗಿ ನೋಡಿದರು.

“ಅದು ಅಪ್ಪ...” ಎಂದರು.

“ಗೊತ್ತು. ನಿನ್ನೆ ಗೊತ್ತಾಯ್ತು.”

ಬ್ಯಾಟರಿ ಕೂರಿಸಿದಾಗ ಆರೂ ಇಪ್ಪತ್ತೊಂಬತ್ತು. ಕೀ ತಿರುಗಿಸಿದರು. ಸೆಲ್ಫ್ ಒಂದೇ ಹೊಡೆತಕ್ಕೆ ಎಂಜಿನನ್ನು ಎಬ್ಬಿಸಿತು. ಮುಳ್ಳು ನಡುಗಿ, ಎಡಕ್ಕೆ ಸರಿದು ಅಲ್ಲೇ ನಿಂತಿತು. ಅತ್ತಿಗೆಯ ಭುಜ ಎರಡೂ ಕೆಳಗಿಳಿದವು. ಗೇಟು ದಾಟುವವರೆಗೆ ನೋಡುತ್ತಲೇ ಇದ್ದೆ, ಅವರು ಇನ್ನೊಮ್ಮೆ ಆ ಮೀಟರಿನ ಕಡೆ ಕಣ್ಣು ಹಾಕಲಿಲ್ಲ.

ನಾನು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತೆ. ಷಡ್ಡಕ ಎದುರಿಗೆ ಕೂತ. ಗೋಡೆಯ ಗಡಿಯಾರವನ್ನು ಇಬ್ಬರೂ ನೋಡುತ್ತಿದ್ದೆವು, ನೋಡುತ್ತಿಲ್ಲ ಎಂಬಂತೆ. ಏಳಕ್ಕೆ ಆರು ನಿಮಿಷವಿರುವಾಗ ನನ್ನ ಫೋನ್ ಬಡಿದುಕೊಂಡಿತು.

“ಬಂದ್ಬಿಟ್ಟೆ,” ಎಂದರು ಅತ್ತಿಗೆ. “ಟ್ಯಾಂಕ್ ಬಿಟ್ಟಿದ್ದೀನಿ. ರೋಲರಿನವರು ಈಗಷ್ಟೇ ಬರ್ತಿದ್ದಾರೆ. ಓವರ್‌ಸಿಯರ್ ಗಾಡಿ ನೋಡಿ, ಏನಾಗಿತ್ತಮ್ಮ ಅಂತ ಕೇಳಿದ್ರು.”

“ಏನಂದ್ರಿ?”

“ವೈರ್ ತಪ್ಪಾಗಿತ್ತು, ನಮ್ಮ ತಂಗಿ ಗಂಡ ಬಂದು ಸರಿಮಾಡಿದ್ರು ಅಂದೆ.”

ಅವರ ಮಾತಿನ ಹಿಂದೆ ಎಂಜಿನ್ನಿನ ಸದ್ದು ಕೇಳುತ್ತಿತ್ತು. ನಿಲ್ಲಿಸಿರಲಿಲ್ಲ.

ಫೋನ್ ಜೇಬಿಗಿಟ್ಟುಕೊಂಡೆ. ಷಡ್ಡಕ ಇಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ಟೇಪನ್ನು ಕುತ್ತಿಗೆಗೆ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡ.

“ಬೇಜಾರು ಮಾಡ್ಕೋಬೇಡಿ,” ಎಂದ. “ಎಷ್ಟೇ ಆದ್ರೂ ಮಾವನವರ ಕೈಗುಣಾನೇ ಬೇರೆ.”

“ಹೌದು ಅಣ್ಣ,” ಎಂದೆ.

ಅವನು ವಾದಕ್ಕೆ ಸಿದ್ಧನಾಗಿದ್ದ. ಟೇಪನ್ನು ಕುತ್ತಿಗೆಯಿಂದ ತೆಗೆದು, ಎದ್ದು, ಚಹಾಕ್ಕೆ ನೀರಿಡಲು ಒಳಗೆ ಹೋದ.